ಎರಡು ಯುಗಾದಿ ಬಂದ ವರ್ಷಕ್ಕೆ ಮೂರು ತಿಂಗಳ ಗುರಿ

ಸಣ್ಣ ಉದ್ಯಮಿಗಳ ತರಬೇತಿಗಳಲ್ಲಿ ಇವತ್ತು ಯಾರೂ ಪ್ರಶ್ನಿಸದೆ ಒಪ್ಪಿಕೊಂಡಿರುವ ಪಾಠವೆಂದರೆ ತ್ರೈಮಾಸಿಕ ಗುರಿ. ವರ್ಷವನ್ನು ನಾಲ್ಕು ಪಾಲು ಮಾಡಿ, ಪ್ರತಿ ಪಾಲಿಗೆ ಮೂರೋ ನಾಲ್ಕೋ ಗುರಿ ಬರೆದು, ಒಂದೊಂದಕ್ಕೂ ಒಂದು ಅಂಕಿ ಕೊಟ್ಟು, ಮೂರು ತಿಂಗಳು ತುಂಬಿದ ಮೇಲೆ ಕೂತು ನೋಡುವುದು. ಜಿಲ್ಲಾ ಕೇಂದ್ರದ ಸಭಾಂಗಣದಲ್ಲಿ ಎಣ್ಣೆ ಗಿರಣಿಯವರಿಗೂ, ಕಂಬಳಿ ನೇಯುವವರಿಗೂ, ರೇಷ್ಮೆ ಸೀರೆಯ ಅಂಗಡಿಯವರಿಗೂ, ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೂ ಹಂಚುವುದು ಒಂದೇ ಹಾಳೆ. ಈ ಪದ್ಧತಿಯಲ್ಲಿ ಎರಡು ಕೆಲಸಗಳಿವೆ: ಗುರಿ ಹಾಕುವುದು, ಆಗಿದ್ದನ್ನು ತಿರುಗಿ ನೋಡುವುದು. ಮೊದಲನೆಯದಕ್ಕೆ ಅದರ ಯೋಗ್ಯತೆಗೆ ಮೀರಿದ ಹೆಸರು ಬಂದಿದೆ, ಎರಡನೆಯದನ್ನು ಕೇಳುವವರಿಲ್ಲ. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ.

ಪದ್ಧತಿಯ ವಂಶಾವಳಿ ಹೀಗಿದೆ. ಗುರಿಗಳನ್ನಿಟ್ಟು ಸಂಸ್ಥೆ ನಡೆಸಬೇಕೆಂದು 1954ರಲ್ಲಿ ನಿರ್ವಹಣಾ ಚಿಂತಕ ಪೀಟರ್ ಡ್ರಕರ್ ಹೇಳಿದ್ದನ್ನು ಇಂಟೆಲ್‌ನಲ್ಲಿ ಆ ಕಂಪನಿಯ ಮುಖ್ಯಸ್ಥ ಆ್ಯಂಡಿ ಗ್ರೋವ್ ಬಿಗಿ ಮಾಡಿದರು. ಅಲ್ಲಿಂದ ಹೂಡಿಕೆದಾರ ಜಾನ್ ಡೋರ್ 1999ರಲ್ಲಿ ಅದನ್ನು ಗೂಗಲ್‌ಗೆ ಒಯ್ದರು, 2018ರಲ್ಲಿ ಅದರ ಮೇಲೆ ಜನಪ್ರಿಯ ಪುಸ್ತಕ ಬರೆದರು. ಈ ದಾರಿಯಲ್ಲಿ ಕಳೆದುಹೋದದ್ದೊಂದನ್ನು ಮಾತ್ರ ನೆನಪಿಸಬೇಕು. ಡ್ರಕರ್ ತಮ್ಮ 1954ರ ಪುಸ್ತಕದ ಅಧ್ಯಾಯದ ಶೀರ್ಷಿಕೆಯಲ್ಲಿ ಗುರಿಗಳ ಜೊತೆಗೇ ಸ್ವನಿಯಂತ್ರಣವನ್ನೂ ಇಟ್ಟಿದ್ದರು. ಕೆಲಸ ಮಾಡುವವನೇ ತನ್ನ ಕೆಲಸವನ್ನು ಅಳೆದುಕೊಳ್ಳಲಿ ಎಂಬುದು ಅವರ ಆಸೆ. ನಮ್ಮ ತರಬೇತಿಗೆ ಬಂದು ಮುಟ್ಟಿದ್ದು ಗುರಿ ಮಾತ್ರ. ಮೂರು ತಿಂಗಳ ಅವಧಿಯಾದರೂ ಯಾರದು? ಅಮೆರಿಕದ ಷೇರುಪೇಟೆ ನಿಯಂತ್ರಕರು 1970ರಲ್ಲಿ ಕಂಪನಿಗಳಿಗೆ ಮೂರು ತಿಂಗಳಿಗೊಮ್ಮೆ ವರದಿ ಕಡ್ಡಾಯ ಮಾಡಿದರು. ಷೇರುದಾರರಿಗೆ ಉತ್ತರ ಕೊಡಬೇಕಾದ ಇಂಟೆಲ್‌ಗೆ ಆ ಅವಧಿ ಸಹಜವಾಗಿತ್ತು. ಚಳ್ಳಕೆರೆಯ ಗಿರಣಿ ಮಾಲೀಕನ ವರದಿಗೆ ಕಾದಿರುವ ಷೇರುದಾರ ಯಾರೂ ಇಲ್ಲ. ಅವನಿಗೆ ಕಾದಿರುವುದು ಶೇಂಗಾ ತಂದು ಹಾಕಿದ ರೈತ ಮತ್ತು ಬ್ಯಾಂಕಿನ ಕಂತು.

ಈಗ ಹಾಳೆಯನ್ನೇ ನೋಡೋಣ. ಅದರಲ್ಲಿ ಗುರಿ, ಸಾಧನೆ, ವ್ಯತ್ಯಾಸ ಎಂದು ಮೂರು ಕಲಮುಗಳು. ಗುರಿಯ ಅಂಕಿ ಎಲ್ಲಿಂದ ಬರಬೇಕು ಎಂದು ಕೇಳಿದರೆ ತರಬೇತುದಾರರ ಉತ್ತರ ಸಿದ್ಧವಾಗಿದೆ: ಹೋದ ವರ್ಷ ಇದೇ ಮೂರು ತಿಂಗಳಲ್ಲಿ ಆದ ವ್ಯಾಪಾರ ತೆಗೆದುಕೊಳ್ಳಿ, ಅದರ ಮೇಲೆ ಶೇ 10ರಿಂದ 15 ಸೇರಿಸಿ. ಇಡೀ ಪದ್ಧತಿ ನಿಂತಿರುವುದು ಈ ಒಂದು ಮಾತಿನ ಮೇಲೆ. ಹೋದ ವರ್ಷದ ಇದೇ ಮೂರು ತಿಂಗಳು ಈ ವರ್ಷದ ಮೂರು ತಿಂಗಳಿಗೆ ಸಮ ಎಂಬ ನಂಬಿಕೆ ಅದರ ಬುಡದಲ್ಲಿದೆ. ನಮ್ಮ ಊರುಗಳಲ್ಲಿ ಅದು ಸಮವಲ್ಲ.

ಯುಗಾದಿಯನ್ನೇ ತೆಗೆದುಕೊಳ್ಳಿ. 2023ರಲ್ಲಿ ಯುಗಾದಿ ಮಾರ್ಚ್ 22ಕ್ಕೆ, 2024ರಲ್ಲಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ. ನಮ್ಮ ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರುವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಹಾಗಾಗಿ 2023–24ರಲ್ಲಿ ಯುಗಾದಿಯೇ ಇಲ್ಲ. 2024–25ರಲ್ಲಿ ಎರಡು ಯುಗಾದಿ. ಮೊಳಕಾಲ್ಮುರಿನಲ್ಲಿ ಒಂದು ಸೀರೆ ಅಂಗಡಿ ಇದೆ ಎಂದುಕೊಳ್ಳೋಣ. ಯುಗಾದಿಯ ಹಿಂದಿನ ವಾರ ಅದಕ್ಕೆ 1 ಲಕ್ಷ ರೂಪಾಯಿ ವ್ಯಾಪಾರ. ಮಿಕ್ಕ ವರ್ಷವೆಲ್ಲ ಸೇರಿ 9 ಲಕ್ಷ, ನಾಲ್ಕು ತ್ರೈಮಾಸಿಕಕ್ಕೂ ಸರಿಸಮ. ವ್ಯಾಪಾರ ಒಂದು ರೂಪಾಯಿಯೂ ಏರಿಲ್ಲ, ಇಳಿದಿಲ್ಲ. ಆದರೂ ಹಾಳೆಯ ಪ್ರಕಾರ 2025ರ ಜನವರಿ–ಮಾರ್ಚ್ ಅವಧಿ ಹಿಂದಿನ ವರ್ಷಕ್ಕಿಂತ ಶೇ 44 ಹೆಚ್ಚು. ಅದರ ಬೆನ್ನಿಗೇ ಬರುವ ಏಪ್ರಿಲ್–ಜೂನ್ ಅವಧಿ ಹಿಂದಿನ ವರ್ಷಕ್ಕಿಂತ ಶೇ 31 ಕಡಿಮೆ. ಮಾರ್ಚ್‌ನಲ್ಲಿ ಗೆದ್ದೆನೆಂದು ಮಗ್ಗ ಹೆಚ್ಚಿಸಿ ರೇಷ್ಮೆಗೆ ಸಾಲ ಎತ್ತಿದವನು ಜೂನ್‌ನಲ್ಲಿ ಸೋತೆನೆಂದು ನೇಕಾರನ ಕೂಲಿಗೆ ಕೈ ಹಾಕುತ್ತಾನೆ. ನಡೆದದ್ದು ಇಷ್ಟೇ: ಹಬ್ಬ ಏಪ್ರಿಲ್‌ನಿಂದ ಮಾರ್ಚ್‌ಗೆ ಸರಿಯಿತು.

ಜನ ಬಟ್ಟೆ ಕೊಳ್ಳುವುದು ಹಬ್ಬಕ್ಕೆ ಎರಡು ಮೂರು ವಾರ ಮುಂಚಿನಿಂದ, ಹಾಗಾಗಿ ಏಪ್ರಿಲ್ 9ರ ಯುಗಾದಿಯ ಒಂದಿಷ್ಟು ವ್ಯಾಪಾರ ಮಾರ್ಚ್‌ಗೂ ಸೇರುತ್ತದೆ ಎಂದು ಯಾರಾದರೂ ಹೇಳಬಹುದು. ಒಪ್ಪುತ್ತೇನೆ. ಅಷ್ಟರಮಟ್ಟಿಗೆ ತಪ್ಪು ತಗ್ಗುತ್ತದೆ, ಹೋಗುವುದಿಲ್ಲ. ಇಡೀ ವರ್ಷದ ಲೆಕ್ಕದಲ್ಲಿ ಇದೇ ಅಂಗಡಿಯ ಹುಸಿ ಏರಿಕೆ ಶೇ 22. ತ್ರೈಮಾಸಿಕದಲ್ಲಿ ಅದರ ಇಮ್ಮಡಿ. ಅವಧಿ ಚಿಕ್ಕದಾದಷ್ಟೂ ನಿಗಾ ಹೆಚ್ಚುತ್ತದೆ ಎಂಬುದು ಈ ಪದ್ಧತಿಯ ದೊಡ್ಡ ಹೊಗಳಿಕೆ. ಚಾಂದ್ರಮಾನದ ಹಬ್ಬ, ಮದುವೆಗಳ ಮೇಲೆ ಬದುಕುವ ವ್ಯಾಪಾರದಲ್ಲಿ ಅವಧಿ ಚಿಕ್ಕದಾದಷ್ಟೂ ತಪ್ಪು ದೊಡ್ಡದಾಗುತ್ತದೆ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಆ ತಿಂಗಳು ಮದುವೆ ಇಲ್ಲ, ಧಾರೆ ಸೀರೆಯೂ ಇಲ್ಲ. ಕುರಿ ಸಾಕುವವರಿಗೆ ಬಕ್ರೀದ್ 2022ರಲ್ಲಿ ಜುಲೈ 10ಕ್ಕೆ, 2023ರಲ್ಲಿ ಜೂನ್ 29ಕ್ಕೆ ಬಂತು. ಹನ್ನೊಂದು ದಿನ ಹಿಂದೆ ಸರಿದದ್ದಕ್ಕೆ ವರ್ಷದ ದೊಡ್ಡ ವ್ಯಾಪಾರ ಎರಡನೆಯ ತ್ರೈಮಾಸಿಕದಿಂದ ಮೊದಲನೆಯದಕ್ಕೆ ಹೋಯಿತು. ಹಂಚುವ ಹಾಳೆಯಲ್ಲಿ ಇದನ್ನು ಬರೆಯಲು ಕಲಮು ಇಲ್ಲ.

ಎಣ್ಣೆಯ ವಿಷಯ ಬೇಗ ಮುಗಿಸಬಹುದು, ಏಕೆಂದರೆ ಅಲ್ಲಿ ವಾದಕ್ಕೇ ಜಾಗವಿಲ್ಲ. ಚಳ್ಳಕೆರೆಯನ್ನು ಎಣ್ಣೆ ನಗರಿ ಎಂದು, ಎರಡನೇ ಮುಂಬೈ ಎಂದು ಕರೆಯುತ್ತಿದ್ದ ಕಾಲವಿತ್ತು. 1994ರಲ್ಲಿ ತಾಳೆ ಎಣ್ಣೆಯ ಆಮದು ಮುಕ್ತವಾದ ಮೇಲೆ ಇಲ್ಲಿನ ಗಿರಣಿಗಳ ಹಣೆಬರಹ ದೆಹಲಿಯ ಅಧಿಸೂಚನೆಗಳಲ್ಲಿದೆ. 2024ರ ಸೆಪ್ಟೆಂಬರ್ 14ರಂದು ಕಚ್ಚಾ ಖಾದ್ಯ ತೈಲದ ಆಮದು ಸುಂಕ ಶೇ 5.5ರಿಂದ ಒಮ್ಮೆಲೇ 27.5ಕ್ಕೆ ಏರಿತು, 2025ರ ಮೇ ಕೊನೆಗೆ 16.5ಕ್ಕೆ ಇಳಿಯಿತು. ಎರಡೂ ತ್ರೈಮಾಸಿಕದ ನಡುವೆಯೇ ಬಂದವು. ಏರಿದ ದಿನ ಗೋದಾಮಿನಲ್ಲಿ ಎಣ್ಣೆ ಇದ್ದವನ ಹಾಳೆಯಲ್ಲಿ ಅದು ‘ಸಾಧನೆ’. ಇಳಿದ ದಿನ ಇದ್ದವನ ಹಾಳೆಯಲ್ಲಿ ‘ವ್ಯತ್ಯಾಸ’. ಶೇಂಗಾ ಒಣಗಿಸುವುದರಲ್ಲಿ, ಹಿಂಡಿಯನ್ನು ಸಕಾಲಕ್ಕೆ ಮಾರುವುದರಲ್ಲಿ, ಕರೆಂಟಿನ ಬಿಲ್ಲು ಹಿಡಿತದಲ್ಲಿಡುವುದರಲ್ಲಿ ಗಿರಣಿಯವನು ನಿಜವಾಗಿ ಮಾಡಿದ ಒಳ್ಳೆಯ ಕೆಲಸ ಎರಡರಲ್ಲೂ ಕಾಣುವುದಿಲ್ಲ.

ಇಷ್ಟು ಹೇಳಿದ ಕೂಡಲೇ ಎರಡು ಕಡೆಯಿಂದ ವಿಮರ್ಶಕರು ಎದ್ದು ನಿಲ್ಲುತ್ತಾರೆ. ಒಂದು ಕಡೆಯವರ ಮಾತು ಹಳೆಯದು: ನಮ್ಮ ಬಯಲುಸೀಮೆಯ ಜನಕ್ಕೆ ಮುಂದಾಲೋಚನೆ ಇಲ್ಲ, ಅದಕ್ಕೇ ಗುರಿಯ ಶಿಸ್ತು ಬೇಕು. ವರ್ಷಕ್ಕೆ 500 ಮಿ.ಮೀ. ಆಸುಪಾಸಿನ ಮಳೆಯಲ್ಲಿ ಬೆಳೆ ತೆಗೆಯುವವರ ಬಗ್ಗೆ ಆಡುವ ಮಾತು ಇದಲ್ಲ. ರೈತ ವರ್ಷವನ್ನು 27 ಮಳೆಗಳಾಗಿ ಎಣಿಸುತ್ತಾನೆ, ಒಂದೊಂದು ಹದಿಮೂರು ಹದಿನಾಲ್ಕು ದಿನ. ಪುನರ್ವಸು ಕೈಕೊಟ್ಟರೆ ಬಿತ್ತನೆ ಮುಂದೂಡುತ್ತಾನೆ, ಮುಂದಿನ ಮಳೆಯೂ ತಪ್ಪಿದರೆ ಶೇಂಗಾ ಬಿಟ್ಟು ಬೇರೆ ಬೀಜ ಹುಡುಕುತ್ತಾನೆ. ಇದು ಗುರಿಯಲ್ಲ, ಎರಡು ವಾರಕ್ಕೊಮ್ಮೆ ನಡೆಯುವ ಪರಿಶೀಲನೆ. ಅಮೃತಮಹಲ್ ದನಗಳ ಹುಲ್ಲುಗಾವಲುಗಳಾದ ಕಾವಲುಗಳನ್ನು ಮೈಸೂರು ಸಂಸ್ಥಾನ ನಡೆಸಿದ್ದೂ ಹೀಗೆ: ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಕಾವಲುಗಳನ್ನು ವಿಂಗಡಿಸಿ ದನಗಳನ್ನು ಹುಲ್ಲು ನೀರು ಇರುವಲ್ಲಿಗೆ ನಡೆಸುತ್ತಿದ್ದರು. ಹುಲ್ಲು ಹೇಗಿದೆಯೆಂದು ನೋಡದೆ ತಾರೀಖಿನ ಪ್ರಕಾರ ದನ ಹೊಡೆದಿದ್ದರೆ ಆ ತಳಿ ಉಳಿಯುತ್ತಿರಲಿಲ್ಲ.

ಇನ್ನೊಂದು ಕಡೆಯವರ ಜೊತೆ ನನ್ನ ಜಗಳ ದೊಡ್ಡದು, ಏಕೆಂದರೆ ಅವರು ನನ್ನ ಪಕ್ಷದವರಂತೆ ಕಾಣುತ್ತಾರೆ. ಪರದೇಶದ ಪದ್ಧತಿ ನಮಗೇಕೆ, ದೀಪಾವಳಿಗೆ ಖಾತೆ ಪುಸ್ತಕ ಪೂಜೆ ಮಾಡುತ್ತೇವಲ್ಲ, ಅದೇ ನಮ್ಮ ಪರಿಶೀಲನೆ ಎನ್ನುತ್ತಾರೆ ಅವರು. ಅದು ಪರಿಶೀಲನೆಯಲ್ಲ. ಹಳೆಯ ಪುಸ್ತಕ ಮುಚ್ಚಿ ಹೊಸದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹಳೆಯ ಉದ್ರಿಯನ್ನು ಮೊದಲ ಪುಟಕ್ಕೆ ಹಾಗೇ ಇಳಿಸುತ್ತಾರೆ. ಯಾರ ಬಾಕಿ ಎಷ್ಟು ದಿನದ್ದು, ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂದು ಆ ಸಂಜೆ ಯಾರೂ ಕೇಳುವುದಿಲ್ಲ. ಹಬ್ಬದ ದಿನ ಕೇಳಬಾರದು ಕೂಡ. ಮೇಲಾಗಿ ಖಾತೆ ಪುಸ್ತಕ ಇದ್ದದ್ದು ಅಂಗಡಿಯವನಿಗೆ. ಕೂಲಿಗೆ ನೇಯುವವನಿಗೆ, ಉಣ್ಣೆ ನೂಲುವವಳಿಗೆ ಪುಸ್ತಕವೇ ಇರಲಿಲ್ಲ. ಅವರ ಲೆಕ್ಕ ಸಾಹುಕಾರನ ಪುಸ್ತಕದೊಳಗೆ ಒಂದು ಸಾಲು. ಪರಂಪರೆಯನ್ನು ಎತ್ತಿ ಹಿಡಿಯುವಾಗ ಆ ಪುಸ್ತಕದ ಯಾವ ಬದಿಯಲ್ಲಿ ಯಾರು ಕೂತಿದ್ದರು ಎಂದು ಹೇಳದೆ ಬಿಡುವುದು ಪ್ರಾಮಾಣಿಕ ವಿಮರ್ಶೆಯಲ್ಲ.

ತ್ರೈಮಾಸಿಕ ಪದ್ಧತಿಯ ಪರವಾಗಿ ಹೇಳಬೇಕಾದದ್ದನ್ನೂ ಹೇಳಬೇಕು. ಒಂದು ದಿನ ಗೊತ್ತು ಮಾಡಿ, ಗಿರಾಕಿ ಬಂದರೂ ಏಳದೆ, ಲೆಕ್ಕದ ಮುಂದೆ ಕೂರುವ ಅಭ್ಯಾಸ ಅದು ಕೊಡುತ್ತದೆ. ಇದು ಸಣ್ಣ ಲಾಭವಲ್ಲ. ಜಿಎಸ್‌ಟಿಯ ಕಾಂಪೊಸಿಷನ್ ಪದ್ಧತಿಯಲ್ಲಿರುವ ಅಂಗಡಿಯವರು ತ್ರೈಮಾಸಿಕ ಮುಗಿದ ಮುಂದಿನ ತಿಂಗಳ 18ರೊಳಗೆ ತೆರಿಗೆ ಕಟ್ಟಲೇಬೇಕು. ಅಂಕಿಗಳು ಹೇಗೂ ಆಗ ಒಂದು ಕಡೆ ಸೇರಿರುತ್ತವೆ. ಲೆಕ್ಕ ಬರೆಯುವವನು ಅದನ್ನು ಕಂಪ್ಯೂಟರಿಗೆ ತುಂಬುತ್ತಾನೆ, ಮಾಲೀಕ ಮೊತ್ತ ಕೇಳಿ ದುಡ್ಡು ಕಳಿಸುತ್ತಾನೆ, ಅಲ್ಲಿಗೆ ಮುಗಿಯಿತು. ಆ ದಿನ ಮಾಲೀಕನೇ ಕೂತು ಆ ಅಂಕಿಗಳನ್ನು ಓದಿದರೆ ಬೇರೆ ತರಬೇತಿ ಬೇಕಿಲ್ಲ. ಓದಬೇಕಾದದ್ದು ಮಾರಾಟದ ಮೊತ್ತವನ್ನಲ್ಲ, ದುಡ್ಡು ಎಲ್ಲಿ ಸಿಕ್ಕಿಕೊಂಡಿದೆ ಎಂಬುದನ್ನು: ಉದ್ರಿಯಲ್ಲಿ ಎಷ್ಟು, ದಾಸ್ತಾನಿನಲ್ಲಿ ಎಷ್ಟು, ಮುಂಗಡ ಕೊಟ್ಟದ್ದು ಎಷ್ಟು. ಇದಕ್ಕೂ ಮೂರು ತಿಂಗಳು ಉದ್ದವಾಯಿತು. ಸಣ್ಣ ಉತ್ಪಾದಕರ ಬಾಕಿಯನ್ನು ಒಪ್ಪಂದ ಇದ್ದರೂ 45 ದಿನ ಮೀರಿ ಉಳಿಸಿಕೊಳ್ಳುವಂತಿಲ್ಲ ಎಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಗಡುವು ಮೀರಿದ ಬಾಕಿಯನ್ನು ಕೊಂಡವರು ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ಆದಾಯ ತೆರಿಗೆಯಲ್ಲಿ ವೆಚ್ಚವಾಗಿ ಕಳೆಯಬಹುದು ಎಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಉದ್ಯಮ್ ನೋಂದಣಿ ಮಾಡಿಸಿದ ನೇಕಾರ ನಗರದ ಅಂಗಡಿಗೆ ಸೀರೆ ಕೊಟ್ಟು ಮೂರು ತಿಂಗಳಿಗೊಮ್ಮೆ ಮಾತ್ರ ಬಾಕಿ ನೋಡುತ್ತಿದ್ದರೆ, ಕಾನೂನು ಕೊಟ್ಟ ಗಡುವು ಅವನು ಪುಸ್ತಕ ತೆರೆಯುವ ಮೊದಲೇ ದಾಟಿಹೋಗಿರುತ್ತದೆ.

ಕಂಬಳಿಯ ವಿಷಯಕ್ಕೆ ಬಂದರೆ ಗುರಿಯ ಹಾಳೆ ಬರೀ ತಪ್ಪಲ್ಲ, ಅನ್ಯಾಯ. ಇಪ್ಪತ್ತು ಕಂಬಳಿ ಆಗುತ್ತಿದ್ದ ಮನೆಗೆ ಮೂವತ್ತರ ಗುರಿ ಬರೆದರೆ ಏನೇನು ಆಗಬೇಕು ಎಂದು ಎಣಿಸಿ ನೋಡಿ. ಕುರಿಯ ಉಣ್ಣೆ ಕತ್ತರಿಸುವುದು ವರ್ಷಕ್ಕೆ ಎರಡು ಸಲ, ನಾಲ್ಕು ಸಲ ಅಲ್ಲ. ಹಾಸು ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ಬಯಲಲ್ಲಿ ಒಣಗಿಸಬೇಕು. ಮೋಡ ಕವಿದ ವಾರ ಆ ಕೆಲಸ ನಿಂತಿತು. ಕುರಿ ಮೇಯಬೇಕಾದ ವರವು ಕಾವಲ್, ಕುದಾಪುರ, ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೊ ಸಂಸ್ಥೆಗಳ ಪಾಲಾಗಿ ಗೋಡೆ ಎದ್ದಿದೆ. ಮೇವು ಕಡಿಮೆಯಾದ ಹಟ್ಟಿಗೆ ಉಣ್ಣೆ ಹೆಚ್ಚಿಸು ಎನ್ನುವ ಗುರಿಗೆ ಅರ್ಥವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮೂವತ್ತು ಕಂಬಳಿಗೆ ಬೇಕಾದ ನೂಲನ್ನು ತೆಗೆಯುವವರು ಮನೆಯ ಹೆಂಗಸರು. ಅಡುಗೆ, ನೀರು, ಕೂಲಿ ಮುಗಿಸಿ ಉಳಿದ ಹೊತ್ತಿನಲ್ಲಿ ಅವರು ಉಣ್ಣೆ ಹಿಂಜಿ ನೂಲುತ್ತಾರೆ. ಆ ಹೊತ್ತಿಗೆ ಹಾಳೆಯಲ್ಲಿ ಬೆಲೆಯಿಲ್ಲ. ಉಣ್ಣೆಯ ದರ ಬರೆಯುತ್ತಾರೆ, ನೇಯ್ಗೆಯ ಕೂಲಿ ಬರೆಯುತ್ತಾರೆ, ಸಂತೆಗೆ ಹೋದ ಬಸ್ಸಿನ ಖರ್ಚೂ ಬರೆಯುತ್ತಾರೆ. ನೂಲಿನ ಕೂಲಿ ಸೊನ್ನೆ. ಕೆಳಗಿನ ಸಾಲಿನಲ್ಲಿ ಕಾಣುವ ಲಾಭ ಆ ಸೊನ್ನೆಯಿಂದ ಬಂದದ್ದು. ಗುರಿಯನ್ನು ಶೇ 50 ಏರಿಸಿದಾಗ ಏರಿದ್ದು ಅವರ ರಾತ್ರಿಯ ದುಡಿಮೆ. ಅದನ್ನು ಹಾಳೆ ಸಾಧನೆ ಎಂದು ಕರೆಯಿತು.

ಗುರಿಯ ಕಲಮನ್ನು ತೆಗೆದು ಆ ಜಾಗದಲ್ಲಿ ನೂಲಿದ ಗಂಟೆ ಮತ್ತು ಅದರ ಕೂಲಿಯನ್ನು ಬರೆಯುವ ಕಲಮು ಹಾಕಬೇಕು. ಗ್ರಾಮೀಣ ಉದ್ಯೋಗ ಖಾತರಿಯ ಕೂಲಿ ದರದಲ್ಲಾದರೂ ಲೆಕ್ಕ ಹಿಡಿಯಲಿ. ಆಗ ಎಷ್ಟೋ ಕಂಬಳಿಗಳು ನಷ್ಟಕ್ಕೆ ಮಾರಾಟವಾಗುತ್ತಿರುವುದು ಕಾಣಬಹುದು. ಕಂಡರೆ ಬೆಲೆ ಏರಿಸುವುದೋ, ಕಡಿಮೆ ನೇಯುವುದೋ, ನೂಲಿಗೆ ಯಂತ್ರ ತರಲು ಸಂಘದಲ್ಲಿ ಕೇಳುವುದೋ ಎಂಬ ತೀರ್ಮಾನ ಆ ಮನೆಯವರದು, ಅದರಲ್ಲೂ ನೂಲುವವರದು. ತರಬೇತಿಗೆ ಕರೆಯುವಾಗ ಮಗ್ಗದವನ ಜೊತೆ ಅವರನ್ನೂ ಕರೆಯಬೇಕು, ಹಾಳೆಯನ್ನು ಅವರ ಕೈಗೂ ಕೊಡಬೇಕು.