ಕಾಂಡದೊಳಗಿನ ಕೊಳವೆ: ಪಾಠದ ಚಿತ್ರ ಹೇಳದ್ದು

ಬಿಳಿಗಿರಿರಂಗನ ಬೆಟ್ಟದ ದೊಡ್ಡ ಸಂಪಿಗೆಯನ್ನು ನೀವು ನೋಡಿರಬಹುದು. ಸೋಲಿಗರು ಪೂಜಿಸುವ ಮರ ಅದು. ಅದರ ತುದಿಯೆಲೆಗೆ ನೀರು ಏರುವುದು ಹೇಗೆಂದು ವಿದ್ಯಾರ್ಥಿಗಳನ್ನು ಕೇಳಿ. ‘ಕ್ಸೈಲಂ ಕೊಳವೆಯಲ್ಲಿ, ಕೇಶಾಕರ್ಷಣದಿಂದ’ ಎಂಬ ಉತ್ತರ ಥಟ್ಟನೆ ಬರುತ್ತದೆ. ಎಷ್ಟೋ ಪಾಠಗಳಲ್ಲಿ ಇರುವುದೂ ಇಷ್ಟೇ. ಭೌತವಿಜ್ಞಾನದ ಮೇಷ್ಟ್ರಾದ ನನ್ನ ಮೊದಲ ತಕರಾರು ಇಲ್ಲಿಯೇ.

ಲೆಕ್ಕ ಹಾಕಿ ನೋಡಿ. ನಾಳದ ತ್ರಿಜ್ಯ 0.03 ಮಿಲಿಮೀಟರ್ ಆದರೆ ಕೇಶಾಕರ್ಷಣ ನೀರನ್ನೆತ್ತುವುದು ಸುಮಾರು ಅರ್ಧ ಮೀಟರ್ ಮಾತ್ರ. ಅದು ನಿಜಕ್ಕೂ ದುಡಿಯುವ ಜಾಗ ಎಲೆಯ ಕೋಶಭಿತ್ತಿಯ ಅತಿಸೂಕ್ಷ್ಮ ರಂಧ್ರಗಳು. ಅಲ್ಲಿ ನೀರು ಆವಿಯಾದಂತೆಲ್ಲ ಕೆಳಗಿನ ನೀರಿನ ಕಂಬವನ್ನು ಹಗ್ಗದಂತೆ ಎಳೆಯುತ್ತದೆ. 1894ರಲ್ಲಿ ಡಿಕ್ಸನ್ ಮತ್ತು ಜೋಲಿ ಮಂಡಿಸಿದ ವಿಚಾರವಿದು. 30 ಮೀಟರ್ ಎತ್ತರದ ಮರದಲ್ಲಿ ಗುರುತ್ವವನ್ನು ಎದುರಿಸಲಷ್ಟೇ ಸುಮಾರು 3 ವಾಯುಭಾರದ ಎಳೆತ ಬೇಕು. ಘರ್ಷಣೆಯ ಲೆಕ್ಕ ಬೇರೆ.

ಇಂಥ ಎಳೆತದಲ್ಲಿ ಕೊಳವೆ ಒಳಕ್ಕೆ ಕುಸಿಯಬಾರದು. ಆದರೆ ಚಿಗುರು ಇನ್ನೂ ಉದ್ದವಾಗುತ್ತಿದೆ, ಆದ್ದರಿಂದ ಕೊಳವೆ ಹಿಗ್ಗಲೂ ಬೇಕು. ಪಾಠಗಳು ಮುಟ್ಟದೆ ಬಿಡುವುದು ಇದನ್ನೇ. ಪಂಪ್‌ಸೆಟ್ಟಿನ ಸಕ್ಷನ್ ಪೈಪನ್ನು ನೆನೆಯಿರಿ. ಅದರ ಗೋಡೆಯಲ್ಲಿ ಸುರುಳಿ ಇರುತ್ತದೆ. ನೀರು ಹೊರಹಾಕುವ ಪೈಪಿಗೆ ಅದು ಬೇಕಿಲ್ಲ. ಚಿಗುರಿನಲ್ಲಿ ಮೊದಲು ಮೂಡುವ ಪ್ರೋಟೋಕ್ಸೈಲಂ ಕೂಡ ಹೀಗೆಯೇ. ಲಿಗ್ನಿನ್ ಸೇರಿ ಗಟ್ಟಿಯಾಗುವುದು ಉಂಗುರ ಅಥವಾ ಸುರುಳಿಯಷ್ಟೇ, ನಡುವಿನ ತೆಳುಭಿತ್ತಿ ಹಿಗ್ಗುತ್ತದೆ. ಬಳಿಕ ಕೋಶ ಸಾಯುತ್ತದೆ, ಒಳಗಿನದೆಲ್ಲ ಕರಗಿ ದಾರಿ ತೆರವಾಗುತ್ತದೆ. ಕಾಂಡ ಬೆಳೆದಂತೆ ಈ ನಾಳಗಳು ಹಿಗ್ಗಿ ಹರಿದೂ ಹೋಗುತ್ತವೆ. ಉದ್ದದ ಬೆಳವಣಿಗೆ ನಿಂತ ಮೇಲೆ ಬಲಿಯುವ, ಭಿತ್ತಿಯ ಬಹುಭಾಗ ಗಟ್ಟಿಯಾದ ಮೆಟಾಕ್ಸೈಲಂ ಅವುಗಳ ಕೆಲಸ ವಹಿಸಿಕೊಳ್ಳುತ್ತದೆ. ಕಾಂಡವನ್ನು ದಪ್ಪವಾಗಿಸುವ ಕ್ಯಾಂಬಿಯಂನ ಸರದಿ ಆಮೇಲಿನದು. ಈ ಎರಡು ಬಗೆಯ ನಾಳಗಳಿಗೆ ಚಾಲನೆ ಕೊಡುವ ವಿಎನ್‌ಡಿ7 ಮತ್ತು ವಿಎನ್‌ಡಿ6 ಎಂಬ ಜೀನ್‌ಗಳನ್ನು ಜಪಾನಿನ ಸಂಶೋಧಕರು 2005ರಲ್ಲಿ ಗುರುತಿಸಿದರು.

ನಮ್ಮ ಚಿತ್ರಗಳಲ್ಲಿ ಉಂಗುರ, ಸುರುಳಿ, ಚುಕ್ಕೆಗಳ ನಾಳಗಳು ಸಾಲಾಗಿ ನಿಂತಿರುತ್ತವೆ, ಅಂಗಡಿಯ ಮಾದರಿಗಳಂತೆ! ಯಾವುದು ಮೊದಲು, ಏಕೆ ಎಂಬ ಮಾತೇ ಇಲ್ಲ. ಹುಡುಗರು ಹೆಸರು ಬಾಯಿಪಾಠ ಮಾಡುತ್ತಾರೆ.

ಭೌತವಿಜ್ಞಾನಿಗಳು ಎಡವಿಲ್ಲವೆಂದಲ್ಲ. ಜೀವಂತ ಕೋಶಗಳ ಮಿಡಿತವೇ ರಸವನ್ನು ಏರಿಸುತ್ತದೆಂದು ಜಗದೀಶಚಂದ್ರ ಬೋಸ್ 1923ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ವಿಷವುಂಡ ಮರದಲ್ಲೂ ನೀರು ಏರುವುದನ್ನು ಸ್ಟ್ರಾಸ್‌ಬರ್ಗರ್ 1890ರ ದಶಕದಲ್ಲೇ ತೋರಿಸಿದ್ದರು.

ಕರ್ಣಕುಂಡಲದ ದಂಟನ್ನು ಕೆಂಪು ಶಾಯಿಯಲ್ಲಿಟ್ಟು ಅಡ್ಡಲಾಗಿ ಕೊಯ್ಯುವ ಪ್ರಯೋಗ ನಿಮಗೆ ಗೊತ್ತು. ಈ ಸಲ ಎಳೆಯ ತುದಿಯನ್ನು ಉದ್ದುದ್ದಕ್ಕೆ ಸೀಳಿ, ಸೂಕ್ಷ್ಮದರ್ಶಕದಲ್ಲಿ ಸುರುಳಿಗಳನ್ನು ಹುಡುಕಿ. ಬಳಿಕ ಬುಡದ ಹತ್ತಿರದ ತುಂಡನ್ನು ಪಕ್ಕದಲ್ಲಿಟ್ಟು ನೋಡಿ.