ವೆಸೇಲಿಯಸನ ಪಟಗಳೂ ಸ್ನಾಯುಗಳ ಹೆಸರುಗಳೂ

ಶಾಸ್ತ್ರಗ್ರಂಥವನ್ನು ವಿಮರ್ಶಕನ ಕಣ್ಣಿನಿಂದ ನೋಡುವ ರೂಢಿ ಕನ್ನಡದಲ್ಲಿ ವಿರಳ. ಆದರೆ ಹೇಳತಕ್ಕುದನ್ನು ಯಾವ ಕ್ರಮದಿಂದ, ಯಾವ ಮಾತಿನಿಂದ ಹೇಳಿದೆ ಎಂಬ ಪ್ರಶ್ನೆಯು ಕಾವ್ಯಕ್ಕೆ ಸಲ್ಲುವಂತೆ ಶಾಸ್ತ್ರಕ್ಕೂ ಸಲ್ಲುವುದು. 1543ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾದ, ಆಂಡ್ರಿಯಾಸ್ ವೆಸೇಲಿಯಸನ ‘ಮಾನವಶರೀರದ ರಚನೆ’ ಎಂಬ ಲ್ಯಾಟಿನ್ ಗ್ರಂಥವು ಈ ಪರೀಕ್ಷೆಗೆ ಯೋಗ್ಯವಾದುದು. ಗ್ರಂಥಕರ್ತನಿಗೆ ಆಗ 28 ವರ್ಷ. ಏಳು ಭಾಗಗಳ ಪೈಕಿ ಎರಡನೆಯದು ಸ್ನಾಯುಗಳಿಗೆ ಮೀಸಲಾಗಿದೆ.

ಅದರ ಪಟಗಳು ಮೊದಲು ಮನಸ್ಸನ್ನು ಸೆಳೆಯುವುವು. ಚರ್ಮ ಕಳಚಿದ ಮನುಷ್ಯನು ಊರುಬಯಲುಗಳ ಮುಂದೆ ಜೀವಂತನಂತೆ ನಿಂತಿರುವನು. ಪಟದಿಂದ ಪಟಕ್ಕೆ ಮೇಲಣ ಸ್ನಾಯುಗಳು ಸರಿದು ಒಳಗಿನವು ಕಾಣಿಸುವುವು. ಹೀಗೆ ಆಧಾರ ಕಡಿಮೆಯಾಗುತ್ತ ಬಂದು, ಮುಂದೊಂದು ಪಟದಲ್ಲಿ ದೇಹವನ್ನು ಹಗ್ಗದಿಂದ ತೂಗುಹಾಕಬೇಕಾಗಿದೆ. ದೇಹವನ್ನು ನಿಲ್ಲಿಸಿರುವುದು ಎಲುಬು ಮಾತ್ರವಲ್ಲ, ಅದನ್ನು ಎಳೆದು ಹಿಡಿದಿರುವ ಸ್ನಾಯುವೂ ಹೌದೆಂಬುದು ಇದರಿಂದ ಮಾತಿಲ್ಲದೆ ಗೊತ್ತಾಗುವುದು.

ಪಟವನ್ನಷ್ಟೇ ನೋಡತಕ್ಕವನು ಮೋಸಹೋಗುವ ಸ್ಥಳವೂ ಉಂಟು. ಒಂದೆಡೆ ಹೊಟ್ಟೆಯ ನೇರಸ್ನಾಯುವು ಎದೆಯ ಮೇಲಕ್ಕೂ ಹಬ್ಬಿದೆ. ಅದು ಮನುಷ್ಯನದಲ್ಲ. ಪ್ರಾಣಿಗಳನ್ನು ಕೊಯ್ದು ನೋಡಿದ ಗೇಲೆನನ ವರ್ಣನೆ ಎಂತಹುದೆಂಬುದನ್ನು ತೋರಿಸಲು ಬೇಕೆಂದೇ ಬರೆಯಿಸಿದುದು. ವಿವರಣೆಯನ್ನು ಓದಿದವನಿಗೆ ಇದು ಖಂಡನೆ. ಓದದವನಿಗೆ ತಪ್ಪು ಪಾಠ.

ಇದಕ್ಕಿಂತ ದೊಡ್ಡ ತೊಡಕು ಹೆಸರಿನದು. ವೆಸೇಲಿಯಸನು ಬಹುಪಾಲು ಸ್ನಾಯುಗಳನ್ನು, ಅವು ಆಡಿಸುವ ಅಂಗವನ್ನು ಹಿಡಿದು, ಮೊದಲನೆಯದು, ಎರಡನೆಯದು ಎಂದು ಎಣಿಸುವನು. ಕೆಲಸವೇನೋ ಮುಂದೆ ನಿಂತಿತು, ಆದರೆ ಅಂಕಿ ನೆನಪಿನಲ್ಲಿ ನಿಲ್ಲದು. ಹೆಸರಿಡುವ ಕಾರ್ಯವು ಆತನ ಗುರುವಾಗಿದ್ದ ಸಿಲ್ವಿಯಸನಿಂದ ಮುಂದುವರಿದು, 1734ರಲ್ಲಿ ಲೈಡನ್ನಿನ ಆಲ್ಬಿನಸನ ಗ್ರಂಥದಲ್ಲಿ ಬಹುಮಟ್ಟಿಗೆ ನೆಲೆಗೊಂಡಿತು. ಹೆಗಲಿನದಕ್ಕೆ ತ್ರಿಕೋನಾಕೃತಿಯ ಗ್ರೀಕ್ ಅಕ್ಷರದಿಂದ ಡೆಲ್ಟಾಯ್ಡ್. ತೋಳಿನ ಮುಂಬದಿಯದಕ್ಕೆ, ಎರಡು ತಲೆಯುಳ್ಳುದೆಂದು, ಬೈಸೆಪ್ಸ್. ಕಾಲು ಮಡಿಸಿ ಕುಳಿತು ಹೊಲಿಯುವ ದರ್ಜಿಯ ನೆನಪಿನಿಂದ ತೊಡೆಯದಕ್ಕೆ ಸಾರ್ಟೋರಿಯಸ್.

ಹೆಸರುಗಳು ಸೊಗಸಾಗಿವೆ. ಆದರೆ ಬೈಸೆಪ್ಸ್ ಮೊಣಕೈಯನ್ನು ಮಡಿಸುವುದಲ್ಲದೆ ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುವುದೆಂದು ಆ ಹೆಸರಿನಿಂದ ತಿಳಿಯುವುದೆ? ಮಡಿಸುವ ಮುಖ್ಯ ಬಲವು ಅದರ ಕೆಳಗೆ ಅಡಗಿರುವ ಬ್ರೇಕಿಯಾಲಿಸ್ ಸ್ನಾಯುವಿನದೆಂದು ತಿಳಿಯುವುದೆ? ಸ್ನಾಯುವೆಂದರೆ ಎಳೆಗಳ ಕಂತೆಗಳ ಕಂತೆ. ಅದರ ತುದಿಗಳು ಕೀಲಿನ ಆಚೀಚೆ ಎಲುಬಿಗೆ ಅಂಟಿರುವುವು. ಅದು ಎಳೆಯಬಲ್ಲುದೇ ಹೊರತು ತಳ್ಳಲಾರದು. ಮಡಿಸಿದ ಕೈಯನ್ನು ನೀಡಬೇಕಾದರೆ ಹಿಂಬದಿಯ ಟ್ರೈಸೆಪ್ಸ್ ಎಳೆಯಬೇಕು. ಈ ಜೊತೆಗಾರಿಕೆಯನ್ನು ತಲೆಗಳ ಎಣಿಕೆ ಹೇಳದು. ಎಳೆತದ ಮರ್ಮವಾದರೋ ಬಹಳ ತಡವಾಗಿ ಹೊರಬಿದ್ದಿತು: ಎಳೆಯೊಳಗಿನ ಎರಡು ಬಗೆಯ ಸೂಕ್ಷ್ಮತಂತುಗಳು ಒಂದರ ಪಕ್ಕದಲ್ಲೊಂದು ಜಾರುವುವೆಂದು 1954ರಲ್ಲಿ ಹಕ್ಸ್‌ಲಿ ಎಂಬ ಹೆಸರಿನ ಇಬ್ಬರು ವಿಜ್ಞಾನಿಗಳು, ತಮ್ಮ ತಮ್ಮ ಜೊತೆಗಾರರೊಡನೆ, ಬೇರೆಬೇರೆಯಾಗಿ ಪ್ರಕಟಿಸಿದರು.

ಶರೀರಶಾಸ್ತ್ರವನ್ನು ಕನ್ನಡಕ್ಕೆ ತರುವವರಿಗೂ ಹೆಸರಿನ ಈ ತೊಡಕು ತಪ್ಪಿದುದಲ್ಲ. ಇಂದಿನ ಕನ್ನಡದಲ್ಲಿ ಸ್ನಾಯುವೆಂದರೆ ಅಂಗಗಳನ್ನು ಆಡಿಸುವ ಮಾಂಸ. ಸುಶ್ರುತಸಂಹಿತೆಯಲ್ಲಿ ಅದಕ್ಕೆ ಪೇಶಿಯೆಂದು ಹೆಸರು. ಪೇಶಿಗಳು 500, ಸ್ನಾಯುಗಳು 900 ಎಂದು ಅಲ್ಲಿ ಬೇರೆಬೇರೆ ಎಣಿಕೆ. ಆ ಸ್ನಾಯುಗಳು ಮುಖ್ಯವಾಗಿ ಸಂಧಿಗಳನ್ನು ಬಿಗಿಯುವ ಕಟ್ಟುಗಳು. ಎರಡನ್ನೂ ಒಂದೇ ಅರ್ಥದಲ್ಲಿ ಓದಿದರೆ ಕಟ್ಟುವುದಕ್ಕೂ ಎಳೆಯುವುದಕ್ಕೂ ಇರುವ ಭೇದವೇ ಅಳಿಯುವುದು. ರೂಢಿಗೆ ಬಂದ ಪದವನ್ನು ಕಿತ್ತುಹಾಕುವುದು ಸಾಧ್ಯವೂ ಅಲ್ಲ, ಆವಶ್ಯಕವೂ ಅಲ್ಲ. ಪ್ರಾಚೀನ ಗ್ರಂಥವನ್ನು ಅನುವಾದಿಸುವವರು ಈ ಭೇದವನ್ನು ಹೇಳಿಯೇ ಮುಂದುವರಿಯಬೇಕು. ಪಾಠಪುಸ್ತಕವನ್ನು ಬರೆಯುವವರು, ಹೆಸರು ಯಾವುದೇ ಇರಲಿ, ಆ ಸ್ನಾಯು ಎಲ್ಲಿ ಹುಟ್ಟಿ ಎಲ್ಲಿ ಸೇರಿ ಏನನ್ನು ಎಳೆಯುವುದೆಂಬುದನ್ನು ಅದರ ಬಳಿಯೇ ತಿಳಿಸಬೇಕು. ಅಂಕಿಗಳನ್ನು ಬಿಟ್ಟರೂ, ಕೆಲಸವನ್ನು ಮುಂದಿಡುವ ವೆಸೇಲಿಯಸನ ಕ್ರಮವನ್ನು ಬಿಡಬೇಕಾದುದಿಲ್ಲ.