ದೂರದ ಗೆಲಾಕ್ಸಿಗಳ ಶೀತಲ ಜಲಜನಕ: ಒಂದು ಸಾಕ್ಷ್ಯವಿಮರ್ಶೆ

ಇತಿಹಾಸದ ಅಧ್ಯಾಪಕನಿಗೆ ಆಕಾಶದ ಗೊಡವೆಯೇಕೆಂದು ಆಕ್ಷೇಪಿಸುವವರುಂಟು. ಕೋಟದವನಾದ ನನಗೆ ಸಮಾಧಾನವು ಊರಿನಲ್ಲಿಯೇ ದೊರೆಯುತ್ತದೆ. ಇಲ್ಲಿ ಜನಿಸಿದ ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ರಚಿಸುವಾಗ ತಮ್ಮದಲ್ಲದ ಶಾಸ್ತ್ರವೆಂದು ಹಿಂಜರಿಯಲಿಲ್ಲ.

2023ರ ಜನವರಿಯಲ್ಲಿ, ಪುಣೆಯ ಸಮೀಪದ ಬೃಹತ್ ಮೀಟರ್‌ತರಂಗ ರೇಡಿಯೋ ದೂರದರ್ಶಕದಿಂದ ಅತಿದೂರದ ಗೆಲಾಕ್ಸಿಯೊಂದರ ಶೀತಲ ಜಲಜನಕವನ್ನು ಗುರುತಿಸಿದ ವಾರ್ತೆ ಪ್ರಕಟವಾಯಿತು. ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಅರ್ಣಬ್ ಚಕ್ರವರ್ತಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರುಪಮ್ ರಾಯ್ ಅದರ ಸಂಶೋಧಕರು. ಜಲಜನಕದ 21 ಸೆಂಟಿಮೀಟರಿನ ಅಲೆಯು ವಿಶ್ವದ ವಿಸ್ತರಣೆಯಿಂದ ಹಿಗ್ಗಿ 48 ಸೆಂಟಿಮೀಟರಾಗಿ ಬಂದು ತಲುಪಿತ್ತು. ಕೆಲವು ವರದಿಗಳು ಇದನ್ನು ಯಾರೋ ಕಳುಹಿಸಿದ ಸಂದೇಶವೆಂಬಂತೆ ಬಣ್ಣಿಸಿದವು. ಒಲೆಯ ಮಸಿಯನ್ನು ಓಲೆಯೆಂದು ಓದಿದಂತಾಯಿತು.

ನನ್ನ ಮುಖ್ಯ ಆಕ್ಷೇಪ ಬೇರೆ. ನಡುದಾರಿಯ ಇನ್ನೊಂದು ಗೆಲಾಕ್ಸಿಯ ಗುರುತ್ವವು ಆ ಕ್ಷೀಣವಾದ ಅಲೆಯನ್ನು ಸುಮಾರು 30 ಮಡಿ ವರ್ಧಿಸಿತು. ಈ 30 ನೇರವಾಗಿ ಅಳೆದುದಲ್ಲ, ಗಣಿತದ ಮಾದರಿಯಿಂದ ಪಡೆದುದು. ಅನಿಲದ ರಾಶಿಯು ನಕ್ಷತ್ರಗಳ ರಾಶಿಯ ಸುಮಾರು ಇಮ್ಮಡಿಯೆಂಬ ನಿರ್ಣಯವೂ ಇಂಥ ಮಾದರಿಯನ್ನೇ ಅವಲಂಬಿಸಿದೆ. ಮೂಲ ತಾಳೆಯೋಲೆ ನಷ್ಟವಾಗಿ ಪ್ರತಿಯೊಂದೇ ಉಳಿದಾಗ ನಾವು ಲಿಪಿಕಾರನ ಕೈಯನ್ನು ಮೊದಲು ಪರೀಕ್ಷಿಸುತ್ತೇವಷ್ಟೆ. ಸಂಶೋಧಕರು ಆ ಸಂಖ್ಯೆಯ ಅನಿಶ್ಚಿತತೆಯನ್ನು ಹೇಳಿಯೇ ಇದ್ದಾರೆ. ವರದಿಗಾರರು ಅದನ್ನು ಬಿಟ್ಟರು.

ದಾಖಲೆಯ ದೂರವೊಂದೇ ಹಿರಿಮೆಯೆಂದು ನಾನು ಒಪ್ಪಲಾರೆ. 2020ರಲ್ಲಿ ಇದೇ ದೂರದರ್ಶಕದಿಂದ ಆದಿತ್ಯ ಚೌಧರಿ, ನಿಸ್ಸಿಮ್ ಕಾಣೇಕರ್, ಜಯರಾಂ ಚೆಂಗಲೂರ್ ಪ್ರಭೃತಿಗಳು 7,653 ಗೆಲಾಕ್ಸಿಗಳ ಸಂಕೇತಗಳನ್ನು ಒಟ್ಟುಗೂಡಿಸಿ ಸರಾಸರಿಯನ್ನು ಕಂಡರು. ಅಲ್ಲಿ ಒಬ್ಬ ಸಾಕ್ಷಿಯ ಮುಖವೂ ಕಾಣದು, ಊರಿನ ಒಟ್ಟು ಮಾತು ಮಾತ್ರ ಕೇಳುತ್ತದೆ. ಆದರೂ ಚರಿತ್ರೆಗೆ ಬೇಕಾದ ಕಾರಣವು ಅಲ್ಲಿಯೇ ಇದೆ: ಹೊಸ ಅನಿಲ ಬಂದು ಸೇರದಿದ್ದರೆ ಅವುಗಳ ಜಲಜನಕವು 100ರಿಂದ 200 ಕೋಟಿ ವರ್ಷಗಳಲ್ಲಿ ತೀರಿಹೋಗಿ, ನಕ್ಷತ್ರಗಳ ಹುಟ್ಟು ಕ್ಷೀಣಿಸಬೇಕಾಗಿತ್ತು.